ಜಗಳಕ್ಕೂ ಒಂದು ಜೊತೆ ಪದ ಬೇಕು



ಕನ್ನಡದಲ್ಲಿ ನಾವು ಜಗಳ ಆಡುತ್ತೇವೆ, ಯುದ್ಧ ಮಾಡುತ್ತೇವೆ, ಹೋರಾಟ ನಡೆಸುತ್ತೇವೆ. ಯಾರಾದರೂ ‘ಯುದ್ಧ ಆಡಿದರು’ ಅಂದರೆ ನಗು ಬರುತ್ತೆ. ಇದನ್ನು ನಮಗೆ ಯಾರೂ ಪಾಠ ಮಾಡಲಿಲ್ಲ, ಮನೆಯಲ್ಲಿ ಕೇಳಿ ಕೇಳಿ ನಾಲಿಗೆಗೆ ಬಂದಿದೆ. ಇಂಗ್ಲಿಷಿನಲ್ಲೂ ಹೀಗೇ. ಇಂಥ ಪದಕ್ಕೆ ಇಂಥದ್ದೇ ಜೊತೆ ಪದ ಎಂಬ ರೂಢಿ ಇದೆ. ಅದು ಗೊತ್ತಿಲ್ಲದೆ ‘ಜಗಳ ಆಡಿದರು’ ಎಂಬುದನ್ನು ಪದಕ್ಕೆ ಪದ ಇಟ್ಟು ‘ದೇ ಪ್ಲೇಡ್ ಎ ಫೈಟ್’ ಎಂದು ಬರೆದರೆ ಇಂಗ್ಲಿಷಿನವರಿಗೂ ಅದೇ ರೀತಿ ನಗು ಬರುತ್ತೆ. ಅವರು ಹೇಳುವುದು ‘ದೇ ಹ್ಯಾಡ್ ಎ ಫೈಟ್’.

ಮೊದಲು ಆಟದ ಬಯಲಿನ ಜಗಳ ನೋಡೋಣ. ಕಾಲು ಕೆರೆದುಕೊಂಡು ಜಗಳಕ್ಕೆ ಬರುವುದು ‘ಪಿಕ್ ಎ ಫೈಟ್’. ಕಾಫಿ ಹಣ್ಣು ಕುಯ್ಯುವುದಕ್ಕೂ ಪಿಕ್, ಜಗಳ ತೆಗೆಯುವುದಕ್ಕೂ ಪಿಕ್! ತಾನಾಗಿ ತೆಗೆಯದೆ ಹೇಗೋ ಜಗಳದಲ್ಲಿ ಸಿಕ್ಕಿಕೊಂಡರೆ ‘ಗೆಟ್ ಇಂಟು ಎ ಫೈಟ್’. ಮೇಷ್ಟ್ರು ಬಂದು ಇಬ್ಬರನ್ನೂ ಬಿಡಿಸಿದರೆ ‘ಬ್ರೇಕ್ ಅಪ್ ಎ ಫೈಟ್’. ಮೇಷ್ಟ್ರು ಕೇಳಿದಾಗ ಎಲ್ಲರೂ ಎರಡನೆಯದನ್ನೇ ಹೇಳುತ್ತಾರೆ, ಮೊದಲನೆಯದನ್ನು ಒಪ್ಪಿಕೊಂಡವರನ್ನು ನಾನಂತೂ ಕಂಡಿಲ್ಲ.

ಇನ್ನು ನಮ್ಮ ಬೇಲೂರಿಗೆ ಬನ್ನಿ. ಚೆನ್ನಕೇಶವ ದೇವಸ್ಥಾನದ ಬಾಗಿಲ ಬಳಿ ಸಳ ಹುಲಿಯನ್ನು ಇರಿಯುವ ಶಿಲ್ಪ ಇದೆ. ಗುರು ‘ಹೊಯ್ ಸಳ’ ಅಂದರು, ಅದರಿಂದಲೇ ಹೊಯ್ಸಳ ಎಂಬ ಹೆಸರು ಬಂತು ಎಂಬ ಕತೆ ಎಲ್ಲರಿಗೂ ಗೊತ್ತು. ಇದನ್ನು ಇಂಗ್ಲಿಷಿನಲ್ಲಿ ಹೇಳುವುದಾದರೆ ‘ಸಳ ಫಾಟ್ ದ ಟೈಗರ್’ ಅಷ್ಟೇ ಸಾಕು, ನಡುವೆ ಏನೂ ಬೇಡ. ಫಾಟ್ ಎಂಬುದು ಫೈಟ್‌ನ ಭೂತಕಾಲ, ‘ಫೈಟೆಡ್’ ಎಂಬ ಪದವೇ ಇಲ್ಲ. ಮೇಲೆ ಬಿದ್ದದ್ದನ್ನು ಹಿಮ್ಮೆಟ್ಟಿಸಿದರೆ ‘ಫಾಟ್ ಆಫ್’. ಇಲ್ಲಿ ಇನ್ನೊಂದು ಜೋಡಿ ಇದೆ, ‘ಪುಟ್ ಅಪ್ ಎ ಗುಡ್ ಫೈಟ್’. ಸುಲಭವಾಗಿ ಬಗ್ಗದೆ ಚೆನ್ನಾಗಿ ಎದುರು ನಿಂತರು ಎಂದರ್ಥ. ಇದನ್ನು ಹೆಚ್ಚಾಗಿ ಸೋತವರಿಗೆ ಹೇಳುತ್ತಾರೆ. ಆದ್ದರಿಂದ ಬೇಲೂರಿನ ಶಿಲ್ಪದಲ್ಲಿ ಈ ಮಾತು ಸಲ್ಲುವುದು ಸಳನಿಗಿಂತ ಹುಲಿಗೇ!

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ‘ಫೈಟ್ ವಿತ್’ ವಿಷಯದಲ್ಲಿ. ನಾವು ಕನ್ನಡದಲ್ಲಿ ‘ಟಿಪ್ಪು ಬ್ರಿಟಿಷರ ಜೊತೆ ಯುದ್ಧ ಮಾಡಿದ’ ಅನ್ನುತ್ತೇವೆ. ಅದನ್ನೇ ‘ಟಿಪ್ಪು ಫಾಟ್ ವಿತ್ ದ ಬ್ರಿಟಿಷ್’ ಎಂದು ಬರೆಯುತ್ತೇವೆ. ಆದರೆ ‘ವಿತ್’ ಅಂದರೆ ಎದುರಿಗೆ ಎಂದೂ ಆಗಬಹುದು, ಅವರ ಪಕ್ಕ ನಿಂತು ಎಂದೂ ಆಗಬಹುದು. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದಾಗ ಹೈದರಾಬಾದಿನ ನಿಜಾಮನ ಸೈನ್ಯ ಬ್ರಿಟಿಷರ ಕಡೆ ಇತ್ತು. ‘ದ ನಿಜಾಮ್ ಫಾಟ್ ವಿತ್ ದ ಬ್ರಿಟಿಷ್’ ಎಂದರೆ ನಿಜಾಮ ಅವರ ಪಕ್ಷ ಸೇರಿ ಕಾದಿದ ಎಂದೇ ಅರ್ಥ. ಈಗ ಎರಡು ವಾಕ್ಯವನ್ನೂ ಒಂದರ ಕೆಳಗೆ ಒಂದು ಇಟ್ಟು ನೋಡಿ. ಹೆಸರು ಬಿಟ್ಟರೆ ಒಂದಕ್ಷರವೂ ವ್ಯತ್ಯಾಸ ಇಲ್ಲ. ಯುದ್ಧದಲ್ಲಿ ಪ್ರಾಣ ಬಿಟ್ಟವನೂ ಅವನನ್ನು ಮುತ್ತಿದವರೂ ಒಂದೇ ಕಡೆ ನಿಂತುಬಿಟ್ಟರು! ಇತಿಹಾಸ ಗೊತ್ತಿದ್ದವರು ಸರಿಯಾಗಿ ಓದಿಕೊಳ್ಳುತ್ತಾರೆ, ಗೊತ್ತಿಲ್ಲದವರು ತಿರುಗಾಮುರುಗಾ ತಿಳಿಯುತ್ತಾರೆ. ಎದುರಾಳಿ ಎನ್ನುವಲ್ಲಿ ‘ಅಗೇನ್‌ಸ್ಟ್’ ಹಾಕಿದರೆ ಗೊಂದಲವೇ ಇಲ್ಲ. ‘ಟಿಪ್ಪು ಫಾಟ್ ಅಗೇನ್‌ಸ್ಟ್ ದ ಬ್ರಿಟಿಷ್.’ ಕನ್ನಡದಲ್ಲೂ ‘ವಿರುದ್ಧ’ ಎಂದು ಬರೆಯುವುದು ಒಳ್ಳೆಯದು ಎಂದು ನನಗೆ ಅನ್ನಿಸುತ್ತದೆ.

ಯಾವುದಕ್ಕಾಗಿ ಹೋರಾಡಿದರು ಎನ್ನುವಾಗ ‘ಫೈಟ್ ಫಾರ್’. ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನ 1942ರಲ್ಲಿ ತಮ್ಮ ಊರು ಸ್ವತಂತ್ರ ಎಂದು ಸಾರಿದರು, 1943ರಲ್ಲಿ ಅಲ್ಲಿಯ ಐದು ಮಂದಿಯನ್ನು ಗಲ್ಲಿಗೇರಿಸಿದರು. ‘ದೇ ಫಾಟ್ ಫಾರ್ ಫ್ರೀಡಂ.’ ಸ್ವಾತಂತ್ರ್ಯ ಹೋರಾಟ ‘ಫ್ರೀಡಂ ಸ್ಟ್ರಗಲ್’, ಹೋರಾಟಗಾರ ಮಾತ್ರ ‘ಫ್ರೀಡಂ ಫೈಟರ್’. ‘ಫ್ರೀಡಂ ಸ್ಟ್ರಗ್ಲರ್’ ಎಂದು ಯಾರೂ ಅನ್ನುವುದಿಲ್ಲ. ಯಾಕೆ ಅಂದರೆ ರೂಢಿ, ಬೇರೆ ಉತ್ತರ ಇಲ್ಲ.

ವಾರ್, ಬ್ಯಾಟಲ್ ಎರಡೂ ಒಂದೇ ಅಲ್ಲ. 1780ರಲ್ಲಿ ಹೈದರ್, ಟಿಪ್ಪು ಗೆದ್ದ ಪೊಳ್ಳಿಲೂರಿನದು ಬ್ಯಾಟಲ್. 1780ರಿಂದ 1784ರವರೆಗೆ ನಡೆದ ಎರಡನೇ ಮೈಸೂರು ಯುದ್ಧ ವಾರ್. ಯುದ್ಧ ಸಾರುವುದು ‘ಡಿಕ್ಲೇರ್ ವಾರ್’, ನಡೆಸುವುದು ‘ವೇಜ್ ವಾರ್’. ಈ ವೇಜ್‌ಗೂ ಕೂಲಿ ಎಂಬ ಅರ್ಥದ ವೇಜ್‌ಗೂ ಕಾಗುಣಿತ ಒಂದೇ, ಅರ್ಥ ಬೇರೆ.

‘ಸ್ಟ್ರಗಲ್’ಗೆ ಶತ್ರು ಇರಲೇಬೇಕು ಅಂತಿಲ್ಲ. ನಮ್ಮ ‘ಹೆಣಗಾಡು’ ಇದಕ್ಕೆ ಬಹಳ ಹತ್ತಿರ. ತಿಂಗಳ ಖರ್ಚು ಸರಿದೂಗಿಸಲು ಹೆಣಗುವುದು ‘ಸ್ಟ್ರಗಲ್ ಟು ಮೇಕ್ ಎಂಡ್ಸ್ ಮೀಟ್’. ಲೆಕ್ಕ ಬಾರದೆ ಒದ್ದಾಡುವುದು ‘ಸ್ಟ್ರಗಲ್ ವಿತ್ ಮ್ಯಾಥ್ಸ್’, ಇಲ್ಲಿ ‘ವಿತ್’ ಸರಿಯೇ.

ಕೊನೆಗೆ ನಮ್ಮ ಸೀಮೆಯ ಮಾತು. ಬೇಲೂರು, ಸಕಲೇಶಪುರ, ಆಲೂರು ಕಡೆ ಆನೆಗಳು ಗದ್ದೆ ತೋಟಕ್ಕೆ ನುಗ್ಗುತ್ತವೆ, ಕೆಲಸಕ್ಕೆ ಹೋದವರು ಜೀವ ಕಳಕೊಂಡದ್ದೂ ಉಂಟು. ಇಂಗ್ಲಿಷ್ ಪತ್ರಿಕೆಗಳು ಇದನ್ನು ಫೈಟ್ ಎನ್ನುವುದಿಲ್ಲ, ‘ಹ್ಯೂಮನ್ ಎಲಿಫೆಂಟ್ ಕಾನ್‌ಫ್ಲಿಕ್ಟ್’ ಎನ್ನುತ್ತವೆ. ಕನ್ನಡ ಪತ್ರಿಕೆಗಳಲ್ಲಿ ಅದು ಸಂಘರ್ಷ. ಆನೆ ಜಗಳ ತೆಗೆಯಲು ಬರುವುದಿಲ್ಲ, ಹಲಸಿನ ಹಣ್ಣಿಗೋ ಭತ್ತಕ್ಕೋ ಬರುತ್ತದೆ, ಆದ್ದರಿಂದ ಆ ಪದ ಸರಿ. ಆದರೆ ರಾತ್ರಿಯೆಲ್ಲ ಬೆಂಕಿ ಹಾಕಿಕೊಂಡು ಗದ್ದೆ ಕಾಯುವ ರೈತ ಹೇಳುವುದು ‘ಆನೆ ಕಾಟ’ ಅಂತ. ‘ಎಲಿಫೆಂಟ್ ಮೆನೇಸ್’ ಎಂದು ಕೆಲವರು ಬರೆಯುತ್ತಾರೆ. ಅದರಲ್ಲಿ ಕೋಪ ಇದೆ, ‘ಕಾಟ’ದೊಳಗಿನ ಸುಸ್ತು ಇಲ್ಲ. ಇದಕ್ಕಿಂತ ಒಳ್ಳೆಯ ಜೋಡಿ ಗೊತ್ತಿದ್ದವರು ಈ ಹಾಳೆಯ ಕೆಳಗೆ ಬಿಟ್ಟಿರುವ ಜಾಗದಲ್ಲಿ ಪೆನ್ಸಿಲ್ಲಿನಲ್ಲಿ ಬರೆಯಿರಿ.