ಎಣ್ಣೆಯಲ್ಲಿ ಕರಿಯದೆ ಗರಿಗರಿ ಚಿಕನ್ ವಿಂಗ್ಸ್

ಸ್ಟೆಂಟ್ ಹಾಕಿಸಿಕೊಂಡವರು ನನ್ನನ್ನು ಕೇಳುವ ಪ್ರಶ್ನೆ: "ಡಾಕ್ಟ್ರೇ, ಇನ್ಮೇಲೆ ಚಿಕನ್ ಬಂದ್ ಮಾಡ್ಬೇಕಾ?" ಬೇಡ. ಬಂದ್ ಮಾಡಬೇಕಾದದ್ದು ಕರಿಯುವುದನ್ನು, ಅದರಲ್ಲೂ ಒಮ್ಮೆ ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವುದನ್ನು.

ಗರಿಗರಿಯಾಗಲು ಬಾಣಲೆ ತುಂಬ ಎಣ್ಣೆ ಬೇಕಿಲ್ಲ. ಚರ್ಮದ ನೀರಿನಂಶ ಆರಬೇಕು. ರೆಕ್ಕೆಯ ಚರ್ಮದಲ್ಲಿರುವ ಕೊಬ್ಬೇ ಕರಗಿ ಉಳಿದ ಕೆಲಸ ಮಾಡುತ್ತದೆ.

*ಮಾಡುವ ವಿಧಾನ*
1. 1 ಕಿಲೋ ವಿಂಗ್ಸ್ ಅನ್ನು ಟಿಶ್ಯೂನಿಂದ ಒತ್ತಿ ಚೆನ್ನಾಗಿ ಒಣಗಿಸಿ.
2. 1 ದೊಡ್ಡ ಚಮಚ ಬೇಕಿಂಗ್ ಪೌಡರ್ (ಸೋಡಾ ಅಲ್ಲ, ಕಹಿಯಾಗುತ್ತದೆ), ಅರ್ಧ ಸಣ್ಣ ಚಮಚ ಉಪ್ಪು, ಕಾಳುಮೆಣಸು, ಊರಿಂದ ತಂದ ಬ್ಯಾಡಗಿ ಪುಡಿ ಸವರಿ.
3. ರಾತ್ರಿಯಿಡೀ ಫ್ರಿಜ್‌ನ ಕೆಳಗಿನ ಅರೆಯಲ್ಲಿ ಮುಚ್ಚದೆ ಇಡಿ.
4. ಓಟಿಜಿಯಲ್ಲಿ ಜಾಲರಿಯ ಮೇಲಿಟ್ಟು, ಕೆಳಗೆ ಟ್ರೇ ಇಟ್ಟು, 220 ಡಿಗ್ರಿಯಲ್ಲಿ ಸುಮಾರು 45 ನಿಮಿಷ ಬೇಯಿಸಿ. ಮಧ್ಯೆ ಒಮ್ಮೆ ತಿರುವಿ. ಏರ್ ಫ್ರೈಯರ್ ಆದರೆ 200 ಡಿಗ್ರಿ, 20–25 ನಿಮಿಷ.
5. ಮೂಳೆಯ ಹತ್ತಿರ ಹಸಿ ಇಲ್ಲವೆಂದು ನೋಡಿ, ನಿಂಬೆರಸ ಹಿಂಡಿ.

*ನೆನಪಿಡಿ*
ಟ್ರೇಗೆ ಇಳಿದ ಕೊಬ್ಬನ್ನು ಸಾರಿಗೆ ಸುರಿಯಬೇಡಿ. ಬೇಕಿಂಗ್ ಪೌಡರ್‌ನಲ್ಲೂ ಸೋಡಿಯಂ ಇದೆ. ಬಿಪಿ ಇರುವವರು ಉಪ್ಪು ಇನ್ನೂ ಕಡಿಮೆ ಮಾಡಿ. ಕರಿಯದಿದ್ದರೂ ಚರ್ಮದಲ್ಲಿ ಕೊಬ್ಬು ಉಳಿದೇ ಇರುತ್ತದೆ. ಹೃದ್ರೋಗಿಗಳಿಗೆ ಅಪರೂಪಕ್ಕೊಮ್ಮೆ ಮೂರ್ನಾಲ್ಕು ತುಂಡು ಸಾಕು, ಜೊತೆಗೆ ತಟ್ಟೆ ತುಂಬ ಕೋಸಂಬರಿ.

ಭಾನುವಾರ ಮನೆಯವರೆಲ್ಲ ಕೋಳಿ ತಿನ್ನುವಾಗ ಅಪ್ಪ ಒಬ್ಬರೇ ಗಂಜಿ ಮುಂದೆ ಕೂತರೆ ಆ ಪಥ್ಯ ಹೆಚ್ಚು ದಿನ ನಡೆಯುವುದಿಲ್ಲ. ಎಲ್ಲರೂ ಒಂದೇ ಅಡುಗೆ ಉಂಡರೆ ನಡೆಯುತ್ತದೆ.