ಮುಳ್ಳು ನಿಲ್ಲಿಸುವ ಮೇಷ್ಟ್ರು

ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಮಹಡಿ ಕೋಣೆಯಲ್ಲಿ ಹಳೆಯ ಮುಳ್ಳಿನ ಮೀಟರುಗಳನ್ನು ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಪಾಲಿಟೆಕ್ನಿಕ್ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್ ಆಗಿದ್ದು ನಿವೃತ್ತರಾದವರು. ಹಾಗಾಗಿ ಗಿರಾಕಿಗಳ ಬಾಯಲ್ಲಿ ಮೇಷ್ಟ್ರು. ಮೀಟರು ಬಿಚ್ಚುವ ಮುನ್ನ ಅವರು ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. ಅರ, ಮೊಳೆ, ತಂತಿ ಚೂರು ಎಲ್ಲವೂ ಡ್ರಾಯರಿನೊಳಗೆ. ಕೈಯಲ್ಲಿ ಉಳಿಯುವುದು ಹಿತ್ತಾಳೆಯ ಚಿಮುಟ ಮಾತ್ರ.

“ಒಳಗೆ ಅಯಸ್ಕಾಂತ ಇದೆಯಲ್ಲ ಸಾರ್, ಕಬ್ಬಿಣದ ಪುಡಿ ಒಂದು ಕಾಳು ಹೋದ್ರೂ ಹಿಡ್ಕೊಂಡುಬಿಡುತ್ತೆ. ಊದಿದ್ರೆ ಬರಲ್ಲ, ಬ್ರಷ್ಷಿಗೂ ಬರಲ್ಲ.” ಸೆಲ್ಲೋಟೇಪನ್ನು ಸಪೂರವಾಗಿ ಕತ್ತರಿಸಿ, ಅಂಟಿನ ಬದಿಯನ್ನು ಸಂದಿಗೆ ಇಳಿಸಿ, ಆ ಕಾಳನ್ನು ಅವರು ಮೇಲೆತ್ತುವುದನ್ನು ನೋಡಬೇಕು. ಉಸಿರು ಕೂಡ ಪಕ್ಕಕ್ಕೆ ತಿರುಗಿ ಬಿಡುತ್ತಾರೆ.

ಆ ಕಿರಿದಾದ ಸಂದಿನಲ್ಲೇ ವೋಲ್ಟ್‌ಮೀಟರಿನ ಎಲ್ಲ ಕೆಲಸ ನಡೆಯುತ್ತದೆ. ಅಯಸ್ಕಾಂತದ ಎರಡು ಧ್ರುವಗಳ ನಡುವೆ ಮೆದು ಕಬ್ಬಿಣದ ದಿಂಡು. ದಿಂಡಿನ ಸುತ್ತ, ಎಲ್ಲೂ ತಾಗದಂತೆ, ಕೂದಲೆಳೆಯಂಥ ತಾಮ್ರದ ತಂತಿ ಸುತ್ತಿದ ಅಲ್ಯೂಮಿನಿಯಂ ಚೌಕಟ್ಟು. ಅದರ ಎರಡು ಮೊನೆಗಳು ಹರಳಿನ ಗುಳಿಯಲ್ಲಿ ಕೂತಿರುತ್ತವೆ. ತಂತಿಯಲ್ಲಿ ವಿದ್ಯುತ್ ಹರಿದಾಗ ಚೌಕಟ್ಟು ತಿರುಗುತ್ತದೆ, ಸುರುಳಿ ಸ್ಪ್ರಿಂಗು ಅದನ್ನು ಹಿಂದಕ್ಕೆಳೆಯುತ್ತದೆ. ಎರಡೂ ಬಲ ಸಮವಾದಲ್ಲಿ ಮುಳ್ಳು ನಿಲ್ಲುತ್ತದೆ. ವಿದ್ಯುತ್ತು ತಿರುಗುಮುರುಗಾದರೆ ಮುಳ್ಳು ಸೊನ್ನೆಯ ಎಡಕ್ಕೆ ಹೋಗಿ ಬಡಿಯುತ್ತದೆ. ಮನೆಯ ಕರೆಂಟಿನ ಹಾಗೆ ಸೆಕೆಂಡಿಗೆ 50 ಸಲ ಹಿಂದೆಮುಂದೆ ಆಡುವಂಥದ್ದಕ್ಕೆ ನೇರವಾಗಿ ಸಿಕ್ಕಿಸಿದರೆ ಯಾವ ಕಡೆಗೂ ಹೋಗಲಾರದೆ ಸೊನ್ನೆಯಲ್ಲೇ ಅದುರುತ್ತದೆ. ಇದು ಬ್ಯಾಟರಿಯಂಥ ಏಕಮುಖ ವಿದ್ಯುತ್ತಿಗೆಂದೇ ಹುಟ್ಟಿದ ಉಪಕರಣ.

ಹಾಗೆ ನೋಡಿದರೆ ಒಳಗಿರುವುದು ವೋಲ್ಟೇಜ್ ಅಳೆಯುವ ಯಂತ್ರವೇ ಅಲ್ಲ, ಪ್ರವಾಹ ಅಳೆಯುವ ಯಂತ್ರ. 1 ಮಿಲಿಆಂಪಿಯರಿಗೆ ಮುಳ್ಳು ಪೂರ್ತಿ ಬಲಕ್ಕೆ ಹೋಗುವ, 100 ಓಮ್ ರೋಧವುಳ್ಳ ಕಾಯಿಲ್ ಇದೆ ಎನ್ನಿ. ಅದಕ್ಕೆ ಸಾಲಾಗಿ 9,900 ಓಮಿನ ರೆಸಿಸ್ಟರ್ ಸೇರಿಸಿದರೆ ಒಟ್ಟು 10,000 ಓಮ್. ಆಗ 10 ವೋಲ್ಟಿಗೆ ಸರಿಯಾಗಿ 1 ಮಿಲಿಆಂಪಿಯರ್ ಹರಿಯುತ್ತದೆ, ಅದೇ ಮೀಟರು 10 ವೋಲ್ಟಿನ ಮೀಟರಾಗುತ್ತದೆ. ಪಿಯುಸಿ ಲ್ಯಾಬಿನಲ್ಲಿ ಗ್ಯಾಲ್ವನೋಮೀಟರನ್ನು ವೋಲ್ಟ್‌ಮೀಟರಾಗಿ ಬದಲಿಸುವ ಪ್ರಯೋಗ ಮಾಡಿದವರಿಗೆ ಈ ಲೆಕ್ಕ ನೆನಪಿರಬಹುದು.

ಇತಿಹಾಸ ಕೇಳಿದರೆ ಮೇಷ್ಟ್ರು ಎಡ್ವರ್ಡ್ ವೆಸ್ಟನ್‌ನಿಂದಲೇ ಶುರು ಮಾಡುತ್ತಾರೆ. ಇಂಗ್ಲೆಂಡಿನಲ್ಲಿ 1850ರಲ್ಲಿ ಹುಟ್ಟಿ, ವೈದ್ಯಕೀಯ ಬಿಟ್ಟು ಅಮೆರಿಕಕ್ಕೆ ಹೋದವನು. ಫ್ರಾನ್ಸಿನ ದಾರ್ಸನ್ವಾಲ್ 1882ರಲ್ಲಿ ಮಾಡಿದ ಗ್ಯಾಲ್ವನೋಮೀಟರನ್ನು, ಎಲ್ಲಿಗಾದರೂ ಒಯ್ದು ನಂಬಬಹುದಾದ ಮೀಟರಾಗಿ 1888ರ ಹೊತ್ತಿಗೆ ರೂಪಿಸಿದ. ತಾಮ್ರದ ರೋಧ ಬಿಸಿಯೇರಿದ ಹಾಗೆ ಏರುತ್ತದೆ, ಅಳತೆ ಕೆಡುತ್ತದೆ. ಅದಕ್ಕಾಗಿ ಬಿಸಿಗೆ ಬಗ್ಗದ ಮಿಶ್ರಲೋಹಗಳನ್ನೇ ಹುಡುಕಿದ. ಮ್ಯಾಂಗನಿನ್ ಅವುಗಳಲ್ಲೊಂದು. 1.0183 ವೋಲ್ಟನ್ನು ಅಲುಗದೆ ಕೊಡುವ ಅವನ ಕ್ಯಾಡ್ಮಿಯಂ ಸೆಲ್ಲು 1911ರಿಂದ 1990ರವರೆಗೆ ಜಗತ್ತಿಗೇ ವೋಲ್ಟಿನ ಪ್ರಮಾಣವಾಗಿತ್ತು. ಅದರ ಪೇಟೆಂಟ್ ಹಕ್ಕನ್ನು ಅವನು ಬಿಟ್ಟುಕೊಟ್ಟ ಎನ್ನುವಾಗ ಮೇಷ್ಟ್ರ ದನಿಯಲ್ಲಿ ಗೌರವವಿತ್ತು.

ರಿಪೇರಿಯ ಮಾತಿಗೆ ಮರಳಿದರೆ ಅವರಿಗೆ ಹೊತ್ತು ಗೊತ್ತಾಗುವುದಿಲ್ಲ. ಹಳೆಯ ಆಲ್ನಿಕೊ ಅಯಸ್ಕಾಂತದ ನಡುವಿನ ದಿಂಡನ್ನು ಸುಮ್ಮನೆ ಕಳಚಿದರೆ ಅಯಸ್ಕಾಂತದ ಬಲ ಕುಂದಿ, ಮೀಟರು ಎಲ್ಲವನ್ನೂ ಕಡಿಮೆ ತೋರಿಸತೊಡಗುತ್ತದೆ. ಕಳಚುವ ಮುಂಚೆಯೇ ಧ್ರುವಗಳಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಇಡಬೇಕು. ಮುಳ್ಳು ಮಲಗಿಸಿದಾಗಲೂ ನಿಲ್ಲಿಸಿದಾಗಲೂ ಪಕ್ಕಕ್ಕೆ ವಾಲಿಸಿದಾಗಲೂ ಸೊನ್ನೆಯಲ್ಲೇ ಇರಬೇಕು. ಇಲ್ಲದಿದ್ದರೆ ಮುಳ್ಳಿನ ಬಾಲದಲ್ಲಿರುವ ಪುಟ್ಟ ತೂಕಗಳನ್ನು ಚಿಮುಟದಲ್ಲಿ ಇಷ್ಟಿಷ್ಟೇ ಸರಿಸಬೇಕು. ನನಗೆ ಬಹಳ ಹಿಡಿಸಿದ್ದು ಇನ್ನೊಂದು. ಗ್ಯಾಲ್ವನೋಮೀಟರನ್ನು ಊರಿಗೆ ಕಳಿಸುವಾಗ ಅವರು ಎರಡು ಟರ್ಮಿನಲ್ಲುಗಳಿಗೆ ಒಂದು ತುಂಡು ತಂತಿ ಕಟ್ಟುತ್ತಾರೆ. ಬಸ್ಸಿನ ಕುಲುಕಾಟಕ್ಕೆ ಕಾಯಿಲ್ ಅಲ್ಲಾಡಿದರೆ ಅದರಲ್ಲೇ ವಿದ್ಯುತ್ ಹುಟ್ಟಿ, ತಂತಿಯ ಮೂಲಕ ಸುತ್ತಿ ಬಂದು, ಆ ಅಲ್ಲಾಟವನ್ನೇ ತಡೆಯುತ್ತದೆ. ಬಿಚ್ಚಿ, “ಈಗ ಅಲ್ಲಾಡಿಸಿ” ಎಂದರು, ಮುಳ್ಳು ಹುಯ್ದಾಡಿತು. ತಂತಿ ಕಟ್ಟಿ ಮತ್ತೆ ಕೊಟ್ಟರು. ಮುಳ್ಳು ನಿಧಾನಕ್ಕೆ ತೂಗಿ ನಿಂತಿತು.

ಡಿಜಿಟಲ್ ಮೀಟರಿನ ಮೇಲೆ ಅವರಿಗೆ ಸಿಟ್ಟಿಲ್ಲ. ಅದು ಅಳೆಯಬೇಕಾದ ವೋಲ್ಟೇಜಿನಿಂದ ಕೆಪಾಸಿಟರೊಂದನ್ನು ನಿಗದಿತ ಹೊತ್ತು ತುಂಬಿಸಿ, ಗೊತ್ತಿರುವ ವೋಲ್ಟೇಜಿನಿಂದ ಬರಿದು ಮಾಡಿ, ಬರಿದಾಗಲು ಹಿಡಿದ ಹೊತ್ತನ್ನು ಎಣಿಸುತ್ತದೆ. ಸರ್ಕ್ಯೂಟಿನಿಂದ ಎಳೆದುಕೊಳ್ಳುವುದೂ ಅತ್ಯಲ್ಪ. 10 ವೋಲ್ಟಿಗೆ ತಲಾ 2 ಲಕ್ಷ ಓಮಿನ ಎರಡು ರೆಸಿಸ್ಟರುಗಳನ್ನು ಸಾಲಾಗಿ ಜೋಡಿಸಿದರೆ ನಡುವೆ 5 ವೋಲ್ಟ್ ಇರುತ್ತದೆ. ಅಲ್ಲಿ 2 ಲಕ್ಷ ಓಮಿನ ಒಳ್ಳೆಯ ಮುಳ್ಳಿನ ಮೀಟರು ಕೂಡ 3.3 ಎನ್ನುತ್ತದೆ, 1 ಕೋಟಿ ಓಮಿನ ಡಿಜಿಟಲ್ ಮೀಟರು 4.95 ಎನ್ನುತ್ತದೆ. ಈ ವ್ಯತ್ಯಾಸವನ್ನು ಕಣ್ಣಾರೆ ಕಂಡ ವಿದ್ಯಾರ್ಥಿಗೆ, ಅಳೆಯುವುದೆಂದರೆ ಅಳೆಯುವ ವಸ್ತುವನ್ನು ಕೊಂಚ ಕಲಕುವುದೂ ಹೌದು ಎಂಬುದು ಮನಸ್ಸಿಗಿಳಿಯುತ್ತದೆ. ಸಾಮಾನ್ಯ ಡಿಜಿಟಲ್ ಮೀಟರು ಸೆಕೆಂಡಿಗೆ ಎರಡು ಮೂರು ಬಾರಿ ಅಂಕಿ ಬದಲಿಸುತ್ತದೆ. ಏರಿಳಿಯುವ ವೋಲ್ಟೇಜು ಅದರಲ್ಲಿ ಬರೀ ಅಂಕಿಗಳ ಗೊಂದಲ, ಮುಳ್ಳಿನಲ್ಲಾದರೆ ಏರುವುದೂ ಇಳಿಯುವುದೂ ಕಣ್ಣಿಗೇ ಕಾಣುತ್ತದೆ.

ಆದ್ದರಿಂದಲೇ ಲ್ಯಾಬುಗಳು ಮುಳ್ಳಿನ ಮೀಟರನ್ನು ಗುಜರಿಗೆ ಹಾಕಬಾರದು ಎಂಬುದು ನನ್ನ ಮನವಿ. ರಿಪೇರಿಗೆ ಬರುವವರು ಈಗ ಕಡಿಮೆ. ಹಳೆಯ ರೇಡಿಯೊ ಹವ್ಯಾಸಿಗಳು, ಒಂದೆರಡು ಕಾಲೇಜು. ಹರಳು, ಸ್ಪ್ರಿಂಗು ಹೊಸದಾಗಿ ಸಿಗುವುದಿಲ್ಲ. ಸತ್ತ ಮೀಟರಿನಿಂದ ಕಿತ್ತು ಬದುಕುವ ಮೀಟರಿಗೆ ಹಾಕಬೇಕು. ಕಲಿಯುವ ಆಸೆಯಿದ್ದವರಿಗೆ ಶನಿವಾರ ಮಧ್ಯಾಹ್ನ ಮೇಷ್ಟ್ರು ಬಿಡುವಾಗಿರುತ್ತಾರೆ. ಡಿಪ್ಲೊಮಾ ಮುಗಿಸಿದ ಹುಡುಗನೊಬ್ಬ ಬರುತ್ತಿದ್ದನಂತೆ. “ಕೈ ಚೆನ್ನಾಗಿತ್ತು ಸಾರ್, ಸ್ಪ್ರಿಂಗ್ ಬೆಸುಗೆ ಹಾಕೋದೂ ಕಲ್ತಿದ್ದ. ಆಮೇಲೆ ಕೆಲಸ ಸಿಕ್ತು, ಹೋದ. ಒಳ್ಳೇದೇ ಆಯ್ತು” ಎಂದರು.