ಪಟ್ಟದ ಬೊಂಬೆ ಯಾರಿಗೆ?

ಋತುಗಳ ಸಾಲಿನಲ್ಲಿ ಶರತ್ತಿಗೆ ನಮ್ಮ ಪ್ರಾಚೀನ ಕವಿಗಳು ಕೊಟ್ಟ ಮನ್ನಣೆ ದೊಡ್ಡದು. ಕಾಳಿದಾಸನ 'ಋತುಸಂಹಾರ'ದ ಮೂರನೆಯ ಸರ್ಗ ಅದಕ್ಕೇ ಮೀಸಲು. ಮೋಡ ಕಳೆದ ಆಕಾಶ, ತಿಳಿಯಾದ ಕೊಳ, ಬಿಳಿಯ ಕಾಶಪುಷ್ಪ, ಹಂಸಗಳ ಕಲರವ: ಇಷ್ಟನ್ನೂ ತರಗತಿಯಲ್ಲಿ ವರ್ಣಿಸುವುದು ನನ್ನಂಥ ಅಧ್ಯಾಪಕನ ವೃತ್ತಿಧರ್ಮ. ಆದರೆ ಚಾಮರಾಜನಗರದ ಶರತ್ತು ಕಾವ್ಯದ ಮಾತನ್ನು ಕೇಳುವುದಿಲ್ಲ. ಈ ಸೀಮೆಗೆ ಹಿಂಗಾರಿನ ಕೃಪೆ ಹೆಚ್ಚು. ಚಿತ್ತಾ, ಸ್ವಾತಿ ಮಳೆಗಳು ಸುರಿಯುವ ಅಕ್ಟೋಬರ್ ಇಲ್ಲಿ ವರ್ಷದ ಹೆಚ್ಚು ಮಳೆಯ ತಿಂಗಳುಗಳಲ್ಲೊಂದು. ಆದ್ದರಿಂದ ನಮಗೆ ಶರತ್ತು ಕಾಣಿಸಿಕೊಳ್ಳುವುದು ಆಕಾಶದಲ್ಲಿ ಅಲ್ಲ, ಮನೆಯ ಹಜಾರದಲ್ಲಿ.

ನಮ್ಮ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳಿಗೆ ಹತ್ತು ವರ್ಷ, ಕಿರಿಯವಳಿಗೆ ಆರು. ಮಹಾಲಯ ಅಮಾವಾಸ್ಯೆಗೆ ಇನ್ನೂ ಕೆಲವು ದಿನಗಳಿರುವಾಗಲೇ ಇಬ್ಬರೂ ತಟ್ಟೆಯಲ್ಲಿ ಮಣ್ಣು ತುಂಬಿ ರಾಗಿ ಚೆಲ್ಲುತ್ತಾರೆ. ಬೊಂಬೆಗಳ ಉದ್ಯಾನಕ್ಕೆ ಆ ಹಸುರು ಪೈರೇ ಹುಲ್ಲುಹಾಸು. ಅಟ್ಟದಿಂದ ಟ್ರಂಕು ಇಳಿಯಿತೆಂದರೆ ಒಂಬತ್ತು ದಿನ ಮನೆಯ ಆಡಳಿತ ಅವರದು. ಮೆಟ್ಟಿಲುಗಳ ಸಂಖ್ಯೆ ಬೆಸವಾಗಿರಬೇಕೆಂಬುದರಿಂದ ಹಿಡಿದು, ಸಂಜೆ ನೆರೆಮನೆಯ ಮಕ್ಕಳಿಗೆ ಕೊಡುವ ಬೊಂಬೆ ಬಾಗಿನ ಚಕ್ಕುಲಿಯೋ ಉಸಲಿಯೋ ಎಂಬವರೆಗೆ ಎಲ್ಲಕ್ಕೂ ಅವರದೇ ಅಪ್ಪಣೆ.

ಮೇಲಿನ ಮೆಟ್ಟಿಲಿನಲ್ಲಿ ಕೂರುವುದು ಪಟ್ಟದ ಬೊಂಬೆ, ಮರದ ರಾಜ-ರಾಣಿಯರ ಜೋಡಿ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರೆಯ ದರ್ಬಾರು ಹೀಗೆ ಸಾಮಾನ್ಯರ ಮನೆಗಳಲ್ಲೂ ನಡೆಯುತ್ತದೆ. ನಮ್ಮ ಊರಂತೂ ಅರಮನೆಯ ಹೆಸರನ್ನೇ ಹೊತ್ತದ್ದು. ಅರಿಕುಠಾರವಾಗಿದ್ದ ಇದು ಇಲ್ಲಿ ಜನಿಸಿದ ಚಾಮರಾಜ ಒಡೆಯರ ನೆನಪಿಗೆ ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಚಾಮರಾಜನಗರವಾಯಿತು. ಚಾಮರಾಜೇಶ್ವರ ದೇವಾಲಯವೂ ಅವರು 1826ರಲ್ಲಿ ಕಟ್ಟಿಸಿದ್ದು. ತಂದೆಯ ಹೆಸರನ್ನು ಮಗ ಉಳಿಸಿದ ಊರು ಇದು. ಪಟ್ಟದ ಬೊಂಬೆಯ ದಾರಿಯೇ ಬೇರೆ. ಮದುವೆಯಲ್ಲಿ ತವರಿನವರು ಮಗಳಿಗೆ ಕೊಡುವ ಉಡುಗೊರೆ ಅದು. ಕೆಲವು ಮನೆಗಳಲ್ಲಿ ಹಳೆಯ ಜೋಡಿಯೇ ತಾಯಿಯಿಂದ ಮಗಳಿಗೆ ಇಳಿದು ಬರುತ್ತದೆ. ನಮ್ಮ ಮನೆಯ ಜೋಡಿಯೂ ನನ್ನ ಪತ್ನಿಗೆ ಗುಂಡ್ಲುಪೇಟೆಯ ತಾಯಿಯಿಂದ ಬಂದದ್ದು.

ಈ ಬಾರಿ ವಿಜಯದಶಮಿಯ ರಾತ್ರಿ ಬೊಂಬೆಗಳನ್ನು ಮಲಗಿಸುವಾಗ ಕಿರಿಯವಳು ಕೇಳಿದಳು: "ಅಮ್ಮ, ನಾವು ದೊಡ್ಡವರಾದ ಮೇಲೆ ಇವು ಯಾರಿಗೆ?" ಉತ್ತರ ಯಾರ ಬಳಿಯೂ ಇರಲಿಲ್ಲ. ದಸರೆಯ ರಜೆಯಲ್ಲಿ ತೆರಕಣಾಂಬಿಯ ಮೇಲೆ ಗುಂಡ್ಲುಪೇಟೆಗೆ ಹೊರಟಾಗ ಪ್ರಶ್ನೆಯೂ ನಮ್ಮೊಡನೆ ಬಸ್ಸು ಹತ್ತಿತು. ಮುಂಗಾರಿನಲ್ಲಿ ಚೆಂಡುಹೂವಿನಿಂದ ಹಳದಿಯಾಗಿದ್ದ ಹೊಲಗಳು ಕೊಯ್ಲು ಮುಗಿದು ಮಳೆಗೆ ನೆನೆಯುತ್ತಿದ್ದವು.

ಅತ್ತೆಯವರ ತೀರ್ಪಿಗೆ ತಡವಾಗಲಿಲ್ಲ. "ಹಿರಿಯವಳಿಗೆ. ಅದು ಪದ್ಧತಿ" ಎಂದರು. ಕಿರಿಯವಳು ತುಸು ಯೋಚಿಸಿ, "ಅಜ್ಜಿ, ರಾಜ ಅಕ್ಕನಿಗಿರಲಿ, ರಾಣಿ ನನಗಿರಲಿ" ಎಂದಳು. ಹಿರಿಯವಳು ಸಿಡುಕಿದಳು: "ಒಂದನ್ನೇ ಕೂರಿಸುವುದಕ್ಕೆ ಆಗುತ್ತದೆಯೇ?" "ಆಗುವುದಿಲ್ಲ. ಅದಕ್ಕೇ ಹಬ್ಬಕ್ಕೆ ಪ್ರತಿವರ್ಷ ನೀನು ನಮ್ಮ ಮನೆಗೆ ಬರಬೇಕು, ಇಲ್ಲದಿದ್ದರೆ ನಾನು ಬರುತ್ತೇನೆ."

ನಾವು ನಕ್ಕೆವು, ಅತ್ತೆಯವರು ನಗಲಿಲ್ಲ. ಬಹಳ ಹೊತ್ತಿನ ಮೇಲೆ ತಮ್ಮ ತಂಗಿಯ ಮಾತೆತ್ತಿದರು. ಅಕ್ಕನ ಮದುವೆಗೆ ಬೊಂಬೆ ಬಂತು. ತಂಗಿಯ ಮದುವೆಯ ಹೊತ್ತಿಗೆ ಮನೆಯಲ್ಲಿ ಕೈ ನಡೆಯುತ್ತಿರಲಿಲ್ಲ. ಆಕೆ ನವರಾತ್ರಿಗೆ ಬಂದಾಗಲೆಲ್ಲ ರಾಣಿಗೆ ತಾನೇ ಸೀರೆ ಉಡಿಸುತ್ತಿದ್ದಳಂತೆ, ಏನನ್ನೂ ಕೇಳುತ್ತಿರಲಿಲ್ಲವಂತೆ. ಈಗ ಆಕೆ ಇಲ್ಲ. "ರಾಣಿಯನ್ನಾದರೂ ಅವಳಿಗೆ ಕೊಡಬಹುದಾಗಿತ್ತು" ಎಂದರು ಅತ್ತೆಯವರು.

ಹೆಣ್ಣುಮಕ್ಕಳ ಪಾಲಿನ ಮಾತು ನಮ್ಮ ಸಮಾಜದಲ್ಲಿ ಬಹುಕಾಲ ಹೀಗೆ ಗಂಟಲಲ್ಲೇ ಉಳಿದಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗೆ ಕರ್ನಾಟಕ 1994ರಲ್ಲಿಯೂ ಕೇಂದ್ರ ಸರ್ಕಾರ 2005ರಲ್ಲಿಯೂ ತಂದ ತಿದ್ದುಪಡಿಗಳು ಒಟ್ಟುಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು ಕೊಟ್ಟವು. ಆದರೂ "ಎರಡೂ ಹೆಣ್ಣೇ?" ಎಂದು ಕನಿಕರದಿಂದ ಕೇಳುವವರು ನಮ್ಮ ಬೊಂಬೆ ನೋಡಲು ಬರುವವರಲ್ಲೇ ಇದ್ದಾರೆ. ಇದೇ ಜಿಲ್ಲೆಯ ಮಲೆಮಹದೇಶ್ವರ ಬೆಟ್ಟದಲ್ಲಿ, ದೀಪಾವಳಿ ಜಾತ್ರೆಯ ಹಾಲರವಿ ಉತ್ಸವದಂದು, ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಕಾಡಿನ ಹಳ್ಳದಿಂದ ನೀರು ಹೊತ್ತು ತರುತ್ತಾರೆ. ಮಾದಪ್ಪನ ಅಭಿಷೇಕ ಅವರ ಬರವಿಗಾಗಿ ಕಾಯುತ್ತದೆ. ದೇವರು ಕಾಯುವ ಹೆಣ್ಣುಮಕ್ಕಳನ್ನು ಮನೆಗಳು ಮಾತ್ರ ಇನ್ನೊಂದು ಮನೆಯ ಸೊತ್ತೆಂದು ಎಣಿಸುವುದು ವಿಚಿತ್ರವಲ್ಲವೇ?

ಕಾಯಿದೆ ಹೊಲವನ್ನು ಸರಿಪಾಲು ಮಾಡಬಲ್ಲದು. ಒಡಹುಟ್ಟಿದವರು ವರ್ಷಕ್ಕೊಮ್ಮೆಯಾದರೂ ಒಂದೇ ಹಜಾರದಲ್ಲಿ ಸೇರಬೇಕೆಂದು ಅದು ವಿಧಿಸಲಾರದು. ಆರು ವರ್ಷದ ಹುಡುಗಿಯ ವಿಭಾಗಪತ್ರದಲ್ಲಿ ಎರಡೂ ಇದ್ದವು.

ನಾವು ಹೊರಡುವ ದಿನ ಅತ್ತೆಯವರು ಪೆಟ್ಟಿಗೆಯಿಂದ ತಂಗಿಯ ಹಳೆಯ ರೇಷ್ಮೆ ಸೀರೆಯೊಂದನ್ನು ತೆಗೆದು, ಅಂಚಿನ ಕಡೆಯಿಂದ ಒಂದು ಗೇಣು ಕತ್ತರಿಸಿ ಕಿರಿಯವಳ ಕೈಗೆ ಕೊಟ್ಟರು. ಬರುವ ವರ್ಷ ರಾಣಿಗೆ ಉಡಿಸುವುದಕ್ಕೆ.